ಮತ್ತೆ ತೆರೆದ ಕಾದಂಬರಿ

ಅರ್ಧಕ್ಕೆ ಬಿಟ್ಟ ಪುಸ್ತಕವನ್ನು ಮತ್ತೆ ತೆರೆಯುವಾಗ, ಯಾಕೆ ಬಿಟ್ಟೆವೆಂದು ಅದಕ್ಕೆ ಹೇಳುವುದು ರೂಢಿ. ಅದು ತನ್ನನ್ನು ತಿದ್ದಿಕೊಳ್ಳುತ್ತದೆ. ನಮ್ಮ ಅತ್ತಿಗೆಗಾಗಿ ಒಂದು ಪುಸ್ತಕ ನಾಯಕಿಗೆ ಮದುವೆಯನ್ನೇ ಮಾಡಿಸಿತ್ತು. ಬಾಹ್ಯಾಕಾಶ ನೌಕೆಯ ಈ ದಪ್ಪ ಕಾದಂಬರಿಗೆ ನಾನು, “ನಿನ್ನಲ್ಲಿ ನನಗೆ ಬೇಕಾದವರು ಯಾರೂ ಇಲ್ಲ” ಎಂದೆ. ಹಾಳೆಗಳು ಸಣ್ಣಗೆ ಸರಿದಾಡಿದವು.

ಮೂರನೆಯ ಅಧ್ಯಾಯದಲ್ಲಿ ನೌಕೆಗೆ ಇಂಚರ ಎಂಬ ಹುಡುಗಿ ಬಂದಳು. ಹುಬ್ಬಿನ ಮೇಲೆ ಹೊಲಿಗೆಯ ಗುರುತು. ಅವಳು ನನ್ನ ಮಗಳೇ. ಪುಟದ ಕೊನೆಯಲ್ಲಿ, ಗಾಳಿಯಿಲ್ಲದ ಕೋಣೆಯೊಂದರಲ್ಲಿ ಸಿಕ್ಕಿಕೊಂಡು ಅವಳಿಗೆ ಉಸಿರುಕಟ್ಟಿತು. ಪಕ್ಕದ ಕೋಣೆಯಲ್ಲಿ ನನ್ನ ಇಂಚರ ಕೆಮ್ಮತೊಡಗಿದಳು. ಹಾಳೆ ತಿರುವಿದೆ. ಅಲ್ಲಿ ಯಾರೋ ಬಾಗಿಲು ತೆರೆದರು, ಇಲ್ಲಿ ಕೆಮ್ಮು ನಿಂತಿತು.

“ಈ ಸಲನಾದ್ರೂ ಹಿಡಿಸ್ತಾ?” ಎಂದರು ನನ್ನ ಗಂಡ. “ಇಲ್ಲಾಂದ್ರೆ ಮುಚ್ಚಿಡೇ, ನಿಂಗೇನು ಪರೀಕ್ಷೆ ಇದ್ಯಾ?”

“ಹಿಡಿಸಿದೆ ಕಣ್ರೀ.”

ನಡೆದದ್ದನ್ನು ಹೇಳಿದರೆ ಅವರು ಮೊದಲು ಈ ಪುಸ್ತಕವನ್ನು ಕಿತ್ತುಕೊಂಡು ಮುಚ್ಚುತ್ತಾರೆ. ಕತೆ ನಡುವೆ ನಿಂತರೆ ಇಂಚರಳಿಗೆ ಏನಾಗುತ್ತದೋ. ಯಾರಿಗೂ ಹೇಳಬಾರದೆಂದು ತೀರ್ಮಾನಿಸಿ ಮುಂದಿನ ಪುಟಕ್ಕೆ ಹೋದೆ.