ಮಂಜಿನಲ್ಲಿ ಬಂದ ಮುದುಕಿ

ಆ ಬೆಳಿಗ್ಗೆ ಅರಬ್ ಮರುಭೂಮಿಯ ಲಿವಾ ಕಡೆಯ ಮರಳುಗುಡ್ಡಗಳ ಮೇಲೆ ಮಂಜು ದಟ್ಟವಾಗಿ ಇಳಿದಿತ್ತು. ಒಂಟೆ ಫಾರ್ಮುಗಳ ತಂತಿಬೇಲಿಯೂ ಕಾಣುತ್ತಿರಲಿಲ್ಲ. ಫ್ಲಾಯ್ಡನ ಕಾರು ಹೊಟ್ಟೆಯವರೆಗೆ ಮರಳಲ್ಲಿ ಹೂತಿತ್ತು. ಪಕ್ಕದಲ್ಲಿ ತುಂಬು ಗರ್ಭಿಣಿ ಹೆಂಡತಿ ಬ್ರೆಂಡಾ. ನೋವು ಶುರುವಾಗಿತ್ತು.

ಗೆಳೆಯ ಲಿಯೊನೆಲ್‌ನ ಫಾರ್ಮಿಗೆ ರಜೆಗೆಂದು ಬಂದವರು. ಆಸ್ಪತ್ರೆಗೆ ಹತ್ತಿರವೆಂದು ಫೋನು ತೋರಿಸಿದ ದಾರಿ ಹಿಡಿದಿದ್ದರು. ಗಾಳಿ ರಾತ್ರೋರಾತ್ರಿ ಗುಡ್ಡ ಎತ್ತಿಡುವ ಸೀಮೆ ಅದು. ನಿನ್ನೆಯ ದಾರಿ ಇವತ್ತಿಗಿಲ್ಲ.

“ನಿಮ್ಮ ಶಾರ್ಟ್‌ಕಟ್ಟು ಸೀದಾ ಸ್ವರ್ಗಕ್ಕೇ ಮಾರಾಯ್ರೇ,” ಬ್ರೆಂಡಾ ಹಲ್ಲು ಕಚ್ಚಿದಳು.

ಮಂಜು ಸೀಳಿ ಒಂದು ಪಿಕಪ್ ಬಂತು. ಇಳಿದವಳು ಮುದುಕಿ. ಕೈಯಲ್ಲಿ ಒಂಟೆ ಅಟ್ಟುವ ಕೋಲು. ಮುಖಕ್ಕೆ ಆ ಸೀಮೆಯ ಮುದುಕಿಯರು ತೊಡುವ, ಹಿತ್ತಾಳೆಯಂತೆ ಹೊಳೆಯುವ ಮುಖವಾಡ, ಕಾಣುವುದು ಕಣ್ಣೆರಡೇ.

“ಹಾಸ್ಪಿಟಲ್! ಬೇಬಿ!” ಫ್ಲಾಯ್ಡ್ ಕೂಗಿದ.

ಅವಳು ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು ಚೂಪಾದ ಏನನ್ನೋ ಒತ್ತಿದಳು. ಹಾವು ಬುಸುಗುಟ್ಟಿದಂತೆ ಸದ್ದು. ಚಕ್ರ ಕುಸಿಯಿತು. ಆಮೇಲೆ ಎರಡನೆಯದು.

“ಏ ಅಜ್ಜೀ! ಮಾಫಿ, ಮಾಫಿ! ಬೇಡ, ಬೇಡ!” ಫ್ಲಾಯ್ಡ್ ಓಡಿದ. ಕೋಲು ಮೇಲೆದ್ದಿತು. ಅವನು ನಿಂತ. ನಾಲ್ಕೂ ಚಕ್ರ ಕುಸಿದವು.

“ಇನ್ನು ಓಡಿ ಹೋಗ್ಲಿಕ್ಕೂ ಇಲ್ಲ,” ಎಂದು ಅವನು ಫೋನು ಎತ್ತಿ ಹಿಡಿದ. ಸಿಗ್ನಲ್ಲೂ ಇರಲಿಲ್ಲ.

“ಕರಿಮಣಿ ಬೇಕಾದ್ರೆ ಕೊಟ್ಟುಬಿಡುವ,” ಬ್ರೆಂಡಾ ಪಿಸುಗುಟ್ಟಿದಳು. “ಮಗು ಒಂದು ಉಳಿದ್ರೆ ಸಾಕು.”

ಮುದುಕಿ ಪಿಕಪ್ಪಿನಿಂದ ಭಾರದ ಚೀಲವೊಂದನ್ನು ತಂದು ಕಾರಿನ ಡಿಕ್ಕಿಗೆ ಎಸೆದಳು. ಒಳಗೆ ಕಬ್ಬಿಣ ಸದ್ದು ಮಾಡಿತು. ಫ್ಲಾಯ್ಡನನ್ನು ಹಿಂದಿನ ಸೀಟಿಗೆ ತಳ್ಳಿ ತಾನೇ ಸ್ಟಿಯರಿಂಗ್ ಹಿಡಿದಳು.

“ಯಲ್ಲಾ,” ಹೊರಡುವ ಎಂಬಂತೆ ಕೈ ಬೀಸಿದಳು.

ಕಾರು ಮುಲುಗಿ ಎದ್ದಿತು. ಫೋನು ತೋರಿಸಿದ ದಿಕ್ಕಿಗೆ ಬೆನ್ನು ಹಾಕಿ ಹೊರಟಿತು. ಒಂದು ಗುಡ್ಡ ಏರಿತು, ಇಳಿಯಿತು. ಇನ್ನೊಂದು. ಎಲ್ಲೂ ಮನುಷ್ಯರ ಸುಳಿವಿಲ್ಲ.

“ಅಮ್ಮಾ ಮರಿಯಾ...” ಬ್ರೆಂಡಾ ನರಳಿದಳು.

ಮುಖವಾಡ ತಿರುಗಿತು. “ಮರ್ಯಮ್?” ಎಂದಳು ಮುದುಕಿ, ತನಗೂ ಗೊತ್ತಿದ್ದ ಹೆಸರು ಕೇಳಿದವಳಂತೆ. ಮತ್ತೂ ಜೋರಾಗಿ ಓಡಿಸಿದಳು.

ಥಟ್ಟನೆ ಕಾರು ನಿಂತಿತು. ಅವಳು ಇಳಿದು ಬಾನೆಟ್ ಎತ್ತಿದಳು. ಚೀಲದಿಂದ ಉದ್ದನೆಯ ಕರಿಯ ಕೊಳವೆ ಎಳೆದಳು. ಫ್ಲಾಯ್ಡ್ ಮುಂದಕ್ಕೆ ಬಾಗಿ, ಬ್ರೆಂಡಾಳ ಹೊಟ್ಟೆಗೆ ತನ್ನೆರಡು ಕೈಗಳನ್ನೂ ಅಡ್ಡ ಹಿಡಿದು ಕಣ್ಣು ಮುಚ್ಚಿದ. ಏನೋ ಗುರುಗುಟ್ಟತೊಡಗಿತು.

ಆ ಸದ್ದು ನಿಂತ ಮೇಲೆ ಅವನು ಕಣ್ಣು ತೆರೆದಾಗ ಕಾರು ಟಾರು ರಸ್ತೆಯ ಮೇಲಿತ್ತು, ಎದುರಿಗೆ ಆಸ್ಪತ್ರೆಯ ಫಲಕವಿತ್ತು. ಮರಳಲ್ಲಿ ಹೂತುಹೋಗದಿರಲೆಂದು ಚಕ್ರಗಳಿಂದ ತೆಗೆದಿದ್ದ ಗಾಳಿಯನ್ನು ಮುದುಕಿ ಚೀಲದ ಪಂಪಿನಿಂದ ನಾಲ್ಕಕ್ಕೂ ತುಂಬಿ ಕೊಟ್ಟು, ಪಿಕಪ್ ಬಿಟ್ಟು ಬಂದ ಗುಡ್ಡದ ಕಡೆಗೇ ನಡೆದು ಹೋಗುತ್ತಿದ್ದಳು.