ಉದ್ದ ಅಂಬುಜಾಳ ತಪ್ಪು

ಬೆಳಿಗ್ಗೆ ಹಿಟ್ಟಿನ ಗಿರಣಿ ಶುರುಮಾಡುವಾಗಲೇ ಅಂಬುಜಾಳ ಬೆರಳುಗಳು ತಾವಾಗಿ ಕುಣಿಯತೊಡಗಿದವು. ಎಲ್ಲೋ ಇನ್ನೊಬ್ಬ ಅಂಬುಜಾ ತೀರಿಕೊಂಡಿದ್ದಳು. ಯಾರು ತೀರಿಕೊಂಡರೂ ಆಗುವಂತೆ ಅವಳ ಕಸುಬು ಇವತ್ತೊಂದು ದಿನ ಆ ಹೆಸರಿನವರೆಲ್ಲರ ಕೈಗೆ ಬಂದಿತ್ತು. ಹೋದ ವರ್ಷ ಹೀಗೇ ಒಬ್ಬ ಡ್ರೈವರ್ ಅಂಬುಜಾ ತೀರಿಕೊಂಡಾಗ ಇವಳು ಬಸ್ಸು ಓಡಿಸಿದ್ದಳು.

ಗಿರಾಕಿ ಫಕೀರಪ್ಪ ಬೆರಳ ಕುಣಿತ ನೋಡಿ ಕಸುಬು ಗುರುತಿಸಿದವನೇ ಪದ್ಧತಿಯಂತೆ ಭಜನಾ ಮಂಡಳಿಯ ಹಾರ್ಮೋನಿಯಂ ತಂದಿಟ್ಟ. "ಯಾವೂರಾಕಿನೋ ಪಾಪ. ಬಾರಸ್ರಿ ಅಕ್ಕಾರ."

ಬೆರಳುಗಳು ಶಾಲೆಯ ಪ್ರಾರ್ಥನೆ ನುಡಿಸಿದವು. ಎರಡನೇ ಸಾಲಿನಲ್ಲಿ ಒಂದು ಸ್ವರ ತಪ್ಪಿತು.

ಅಂಬುಜಾ ತಟ್ಟನೆ ನಿಲ್ಲಿಸಿದಳು. ಶಾಲೆಯಲ್ಲಿ ಉದ್ದ ಅಂಬುಜಾ ಮಾಡುತ್ತಿದ್ದ ಆ ತಪ್ಪಿಗೇ ಮಾಸ್ತರರು ಅವಳ, ಜೊತೆಗೆ ಕೂತ ಗಿಡ್ಡ ಅಂಬುಜಾ ಎಂಬ ಇವಳ, ಇಬ್ಬರ ಬೆರಳ ಗೆಣ್ಣಿಗೂ ಹೊಡೆದಿದ್ದರು. ಆಮೇಲೆ ಉದ್ದನೆಯವಳು ನಾಟಕ ಕಂಪನಿಗೆ ಹಾರ್ಮೋನಿಯಂ ನುಡಿಸಲು ಸೇರಿ ಊರು ಬಿಟ್ಟಿದ್ದಳು.

"ಸ್ವರ ತಪ್ಪಿತಲ್ರಿ," ಎಂದ ಫಕೀರಪ್ಪ.

"ಇರ್ಲಿ ಬಿಡೋ ತಮ್ಮಾ. ನಮ್ಮ ಉದ್ದಾಕಿ ಹಿಂಗ ಬಾರಸ್ತಿದ್ಲು," ಎಂದು ಗಿಡ್ಡ ಅಂಬುಜಾ ಮತ್ತೆ ಮೊದಲಿನಿಂದ ನುಡಿಸಿದಳು.