ಜೊತೆಗೆ ಯಾರು ಬಂದಿದ್ದಾರೆ?

"ಇನ್ನು ಕನ್ನಡಕ ಬದಲಾಯಿಸಿ ಉಪಯೋಗ ಇಲ್ಲ ಟೇಲರಮ್ಮ," ಎಂದು ಕನ್ನಡಕದಂಗಡಿಯವನು ಟಾರ್ಚ್ ಆರಿಸಿದ. "ಎರಡೂ ಕಣ್ಣಿಗೆ ಪೊರೆ ಬಂದಿದೆ. ಬಲಗಣ್ಣಿನದಂತೂ ಪೂರ್ತಿ ಬಲಿತುಬಿಟ್ಟಿದೆ. ಆಪರೇಷನ್ ಆಗಲೇಬೇಕು."

ಟೇಲರಮ್ಮ ಎತ್ತರದ ಸ್ಟೂಲಿನಿಂದ ಇಳಿಯಲು ಕಾಲಲ್ಲೇ ನೆಲ ಹುಡುಕಿದಳು. ಮೂವತ್ತು ವರ್ಷದಿಂದ ಆ ಬೀದಿಯಲ್ಲಿ ಹೊಲಿಗೆ ಯಂತ್ರ ತುಳಿದವಳು. ಈಚೆಗೆ ಸೂಜಿಗೆ ದಾರ ಪೋಣಿಸಲೂ ದಾರಿಯಲ್ಲಿ ಹೋಗುವವರನ್ನು ಕೂಗಿ ಕರೆಯುತ್ತಿದ್ದಳು.

"ಯೋಚನೆ ಬೇಡ. ಭಾನುವಾರ ನಮ್ಮ ಸಂಘದ ಕ್ಯಾಂಪ್ ಇದೆ. ಒಂದು ಪೈಸೆ ಖರ್ಚಿಲ್ಲ."

ಮೂಲೆಯ ಕುರ್ಚಿಯಲ್ಲಿ ಅವನ ಅಕ್ಕ ಕೂತಿದ್ದಳು, ಪಿಂಚಣಿ ಕಚೇರಿಯಲ್ಲಿ ದುಡಿದು ನಿವೃತ್ತಳಾದವಳು. ಓದುತ್ತಿದ್ದ ಪೇಪರನ್ನು ಪಟಪಟನೆ ಮಡಿಚಿದಳು. "ಖರ್ಚಿಲ್ಲ, ಫೋಟೋ ಇದೆ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡವರನ್ನ ಸಾಲಾಗಿ ಕೂರಿಸೋದು, ಹಿಂದೆ ನಿಮ್ಮ ಅಧ್ಯಕ್ಷರು ನಿಂತು ಹಲ್ಲು ಕಿರಿಯೋದು. ಸರ್ಕಾರಿ ಆಸ್ಪತ್ರೆ ಯಾಕಿದೆ ಮತ್ತೆ? ಅಲ್ಲಿ ಅದು ಅವಳ ಹಕ್ಕು. ಯಾರಿಗೂ ಕೈಮುಗೀಬೇಕಿಲ್ಲ."

"ಹಕ್ಕು! ಕ್ಯೂನಲ್ಲಿ ನಿಂತು ನಿಂತು ಆ ಹಕ್ಕಿಗೇ ವಯಸ್ಸಾಗತ್ತೆ. ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕೋ ಸರ್ಕಾರ ನಿಂದು."

"ನಿಮ್ಮಂಥವರ ಮನಸ್ಸು ಕರಗಿದ ದಿನ ಊಟ, ಕರಗದ ದಿನ ಉಪವಾಸ. ಬಡವರು ಹಾಗೆ ಬದುಕಬೇಕೇನೋ?"

ಚುನಾವಣೆ ಮುಗಿದು ಆರು ತಿಂಗಳಾಗಿದ್ದರೂ ಅವರ ಮನೆಯಲ್ಲಿ ಮುಗಿದಿರಲಿಲ್ಲ. ಅಕ್ಕ ಒಂದು ಪಕ್ಷ, ತಮ್ಮ ಇನ್ನೊಂದು. ಒಂದೇ ಮೇಜಿನಲ್ಲಿ ಉಣ್ಣುವಾಗ ಉಪ್ಪು ಬೇಕಾದರೂ ತಮ್ಮನ ಹೆಂಡತಿಯ ಮೂಲಕ ಕೇಳಿಕೊಳ್ಳುತ್ತಿದ್ದರು. ನೇರವಾಗಿ ಬಾಯಿಬಿಡುತ್ತಿದ್ದದ್ದು ಜಗಳಕ್ಕೆ ಮಾತ್ರ.

ಟೇಲರಮ್ಮ ದನಿ ಬಂದ ಕಡೆಗೆಲ್ಲ ಮುಖ ತಿರುಗಿಸುತ್ತ ಕೇಳಿಸಿಕೊಂಡಳು. ಇಬ್ಬರೂ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಮೆಲ್ಲನೆ ಹೇಳಿದಳು.

"ನಾನು ಎರಡೂ ಕಡೆ ಹೋಗಿದ್ದೆ. ಹೋದ ಸಲ ನಿಮ್ಮ ಕ್ಯಾಂಪಿಗೆ ಬಂದಿದ್ದೆ ಅಣ್ಣ, ಆ ಗಲಾಟೇಲಿ ನೀವು ನೋಡಿಲ್ಲ. ಆಸ್ಪತ್ರೆಗೂ ಹೋಗಿದ್ದೆ ಅಕ್ಕ. ಪಾಪ, ಎರಡು ಕಡೆಯವರೂ ಒಳ್ಳೆಯವರೇ. ಇಬ್ಬರೂ ಒಂದೇ ಮಾತು ಕೇಳಿದ್ರು, ಜೊತೆಗೆ ಯಾರು ಬಂದಿದ್ದಾರೆ ಅಂತ. ಸಹಿ ಹಾಕೋಕೆ, ಆಮೇಲೆ ಕೈಹಿಡಿದು ಮನೆಗೆ ಕರ್ಕೊಂಡು ಹೋಗೋಕೆ ಒಬ್ಬರು ಬೇಕಂತೆ." ಅವಳು ನಕ್ಕಳು. "ಹೊಲಿಗೆ ಯಂತ್ರನ ಕರ್ಕೊಂಡು ಹೋಗೋಕಾಗತ್ತಾ?"

ಅಕ್ಕ ಮಡಿಚಿದ ಪೇಪರನ್ನೇ ಇನ್ನೊಮ್ಮೆ ಮಡಿಚಿದಳು. ತಮ್ಮ ಟಾರ್ಚ್ ಹೊತ್ತಿಸಿ ಸುಮ್ಮನೆ ಆರಿಸಿದ.

"ಎಲ್ಲಿಗೆ ಹೋಗೋಣ, ನೀನೇ ಹೇಳು," ಎಂದಳು ಅಕ್ಕ ಕೊನೆಗೆ.

"ಆಸ್ಪತ್ರೆಯವರು ಈ ಗುರುವಾರ ಬಾ ಅಂತ ಚೀಟಿ ಕೊಟ್ಟಿದ್ದಾರೆ. ಫೋಟೋ ಅಂದ್ರೆ ನಂಗೆ ಸ್ವಲ್ಪ ನಾಚಿಕೆ ಅಣ್ಣ. ಬೇಜಾರು ಮಾಡ್ಕೋಬೇಡಿ."

ತಮ್ಮನ ಮುಖ ಸಣ್ಣದಾಯಿತು. "ಬೇಜಾರೇನು ಬಿಡಿ," ಎಂದ.

ಗುರುವಾರ ಅಕ್ಕ ಟೇಲರಮ್ಮನ ಕೈ ಹಿಡಿದು ಸಾಲಿನಲ್ಲಿ ನಿಂತಿದ್ದಳು. ಅರ್ಧ ಸಾಲು ಕರಗುವ ಹೊತ್ತಿಗೆ ತಮ್ಮ ಏದುಸಿರು ಬಿಡುತ್ತ ಬಂದ.

"ಅಂಗಡಿ?"

"ಬಾಗಿಲು ಹಾಕಿದೆ. ನೀನು ಏನೂ ಮಾತಾಡಬೇಡ."

ಕಿಟಕಿಯ ಆಚೆಯ ನರ್ಸ್ ತಲೆಯೆತ್ತದೆ ಕೇಳಿದಳು. "ಜೊತೆಗೆ ಬಂದವರು?"

"ನಾನು," ಎಂದರು ಇಬ್ಬರೂ.

"ನೀವು ಇವರಿಗೆ ಏನಾಗಬೇಕು?"

ಅಕ್ಕ ತಡವರಿಸಿದಳು. "ಒಂದೇ ಬೀದಿಯವರು," ಎಂದ ತಮ್ಮ.

"ಬೀದಿ ಅಂತ ಬರ್ಕೊಳ್ಳೋಕೆ ಆಗಲ್ಲ. ಸಂಬಂಧ ಹೇಳಿ."

"ಹಾಗಾದ್ರೆ ತಮ್ಮ ಅಂತ ಬರ್ಕೊಳ್ಳಿ. ಇವಳು ಅಕ್ಕ."

ಮಧ್ಯಾಹ್ನ ಟೇಲರಮ್ಮನನ್ನು ಒಳಗೆ ಕರೆದುಕೊಂಡು ಹೋದರು. ಇಬ್ಬರೂ ಮರದ ಬೆಂಚಿನ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ವಾರ್ಡಿನವನು ಬಂದು, ಕಣ್ಣಿಗೆ ಹಾಕುವ ಹನಿ ಮುಗಿದಿದೆ, ಹೊರಗಿಂದ ತರಬೇಕು ಎಂದ. ತಮ್ಮ ಅಕ್ಕನನ್ನು ನೋಡಿದ. ನಾಲಿಗೆಯ ತುದಿಗೆ ಬಂದ ಮಾತನ್ನು ಹಾಗೇ ನುಂಗಿ, ಚಪ್ಪಲಿ ಮೆಟ್ಟಿಕೊಂಡು ಔಷಧಿ ಅಂಗಡಿಗೆ ಹೋಗಿಬಂದ. ಅವನು ಬರುವಷ್ಟರಲ್ಲಿ ಅಕ್ಕ ಅವನಿಗೊಂದು ಲೋಟ ಟೀ ತಂದಿಟ್ಟುಕೊಂಡಿದ್ದಳು. "ಆರಿಹೋಗತ್ತೆ, ಕುಡಿ," ಎಂದಳು.

ಮರುದಿನ ಬೆಳಿಗ್ಗೆ ಡಾಕ್ಟರು ಬಲಗಣ್ಣಿನ ಪಟ್ಟಿ ಬಿಚ್ಚಿ, ಮೂರು ಬೆರಳು ಎತ್ತಿ ಹಿಡಿದು, ಎಷ್ಟು ಎಂದು ಕೇಳಿದರು. ಟೇಲರಮ್ಮ ಬೆರಳು ಎಣಿಸುವುದು ಬಿಟ್ಟು, ಅವರ ಹಿಂದೆ ನಿಂತಿದ್ದ ತಮ್ಮನ ಕುತ್ತಿಗೆಯನ್ನೇ ದಿಟ್ಟಿಸಿದಳು. ಅವನ ಅಂಗಿಯ ಕಾಲರು ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ಪಕ್ಕದಲ್ಲಿ ಅಕ್ಕ. ಅವಳ ರವಿಕೆಯ ಒಂದು ತೋಳು ಮುಂಗೈಗೆ ನಿಂತಿತ್ತು, ಇನ್ನೊಂದು ಬೆರಳಿನವರೆಗೆ ಇಳಿದಿತ್ತು. ಅಂಚಿನ ಹೊಲಿಗೆ ಹಾವು ಹರಿದ ಹಾಗಿತ್ತು.

"ಇವನ್ನ ನಾನು ಹೊಲಿದದ್ದಾ?"

"ಹೌದು. ಚೆನ್ನಾಗೇ ಇದೆಯಲ್ಲ," ಎಂದ ತಮ್ಮ.

"ನಂಗಂತೂ ಸರಿಯಾಗಿದೆ," ಎಂದು ಅಕ್ಕ ಕೈಯನ್ನು ಬೆನ್ನ ಹಿಂದೆ ಸರಿಸಿದಳು.

ಆಮೇಲೆ ಅಕ್ಕ ತಮ್ಮನ ಕಾಲರನ್ನು ನೋಡಿದಳು. ತಮ್ಮ ಅಕ್ಕನ ತೋಳನ್ನು ನೋಡಿದ.

"ಎಷ್ಟು ದಿನದಿಂದ ಇವನ್ನ ಹಾಕ್ಕೊಂಡು ಊರೆಲ್ಲ ಓಡಾಡ್ತಿದ್ದೀರಿ? ಒಬ್ಬರಾದ್ರೂ ಬಾಯಿಬಿಟ್ಟು ಹೇಳಬಾರದಿತ್ತಾ?"

ತಮ್ಮ ಹಾಸಿಗೆಯ ಹತ್ತಿರ ಬಂದು ಬಗ್ಗಿದ. ಟೇಲರಮ್ಮ ಹಾಸಿಗೆಯಿಂದಲೇ ಕೈ ಚಾಚಿ, ಕಾಲರಿನ ಎರಡು ತುದಿಗಳನ್ನು ಹಿಡಿದು ಸಮವಾಗುವಂತೆ ಎಳೆದಳು. ಬಿಟ್ಟ ಕೂಡಲೇ ಅದು ಮತ್ತೆ ಸೊಟ್ಟಗಾಯಿತು.